ಹಳೆ ಕಂಪನಿಯ ಪೆನ್ಷನ್‌ಗೆ ಕೈಯಿಂದ ಕಟ್ಟಿದ ದುಡ್ಡು: ಯುಕೆಯಲ್ಲಿ ಉಳಿದ ಟ್ಯಾಕ್ಸ್ ರಿಲೀಫ್ ಕೇಳೋದು ಹೇಗೆ?

ರೆಡಿಂಗ್‌ವಾಸಿ:
ಯುಕೆಯಲ್ಲಿರುವವರು ಸ್ವಲ್ಪ ಸಹಾಯ ಮಾಡಿ. 2023ರಲ್ಲಿ ಲೀಡ್ಸ್‌ನ ಕೆಲಸ ಬಿಟ್ಟು ರೆಡಿಂಗ್‌ಗೆ ಬಂದೆ. ಹೊಸ ಕಂಪನಿಯಲ್ಲಿ ಬೇರೆ ಪೆನ್ಷನ್ ಇದೆ. ಆದರೆ ಹಳೆಯದರಲ್ಲಿ ಚಾರ್ಜು ಕಡಿಮೆ. ಅದಕ್ಕೆ 2024ರ ಏಪ್ರಿಲ್‌ನಿಂದ ತಿಂಗಳಿಗೆ 400 ಪೌಂಡ್ ನನ್ನ ಬ್ಯಾಂಕ್ ಖಾತೆಯಿಂದಲೇ ಅದಕ್ಕೆ ಕಟ್ಟುತ್ತಿದ್ದೇನೆ. ಪ್ರತಿ ಸಲ 100 ಸೇರಿ 500 ಅಂತ ಸ್ಟೇಟ್‌ಮೆಂಟಿನಲ್ಲಿ ಕಾಣುತ್ತದೆ. ಸಂಬಳ 54,000. 40% ಟ್ಯಾಕ್ಸ್‌ನವರಿಗೆ ಇನ್ನೂ 20% ವಾಪಸ್ ಬರುತ್ತದೆ ಅಂತ ಆಫೀಸಲ್ಲಿ ಒಬ್ಬರು ಹೇಳಿದರು. ಹಾಗಾದರೆ 2024-25ಕ್ಕೆ 1,200 ಪೌಂಡ್ ಬರಬೇಕು, ಅಲ್ವಾ? ಪೇರೋಲ್‌ನವರು ನಮಗೆ ಸಂಬಂಧ ಇಲ್ಲ ಅಂದರು. ಸೆಲ್ಫ್ ಅಸೆಸ್‌ಮೆಂಟ್ (ನಾವೇ ಸಲ್ಲಿಸುವ ಟ್ಯಾಕ್ಸ್ ರಿಟರ್ನ್) ಯಾವತ್ತೂ ಮಾಡಿಲ್ಲ.

ಲೆಕ್ಕದಮೇಷ್ಟ್ರು:
ಪೇರೋಲ್‌ನವರು ಹೇಳಿದ್ದು ಸರಿ. ದುಡ್ಡು ಅವರ ಕೈ ದಾಟಿಯೇ ಇಲ್ಲ. ಆ 100 ಪೌಂಡನ್ನು ಪೆನ್ಷನ್ ಕಂಪನಿ ಯುಕೆ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಯಿಂದ ತರಿಸಿಕೊಳ್ಳುತ್ತದೆ. ಅದು 20%ರ ಪಾಲು. ಮಿಕ್ಕಿದ್ದನ್ನು ನೀವೇ ಕೇಳಬೇಕು.

ಆದರೆ 1,200 ಬರಲ್ಲ. ನಿಮ್ಮ ಆದಾಯದಲ್ಲಿ 20% ಟ್ಯಾಕ್ಸ್ ಬೀಳುವ ಪಟ್ಟಿಯನ್ನು 6,000ದಷ್ಟು ಹಿಗ್ಗಿಸುತ್ತಾರೆ, ಅಷ್ಟೇ. ನೀವು 40% ಕಟ್ಟಿದ್ದು 50,270 ದಾಟಿದ ಭಾಗಕ್ಕೆ ಮಾತ್ರ, ಅಂದರೆ 3,730ಕ್ಕೆ. ಅದರ 20% ಅಂದರೆ 746 ಪೌಂಡ್. ಕಟ್ಟದ ಟ್ಯಾಕ್ಸ್ ವಾಪಸ್ ಕೊಡಿ ಅಂದರೆ ಯಾರು ಕೊಡ್ತಾರೆ!

ಅದೂ ಪಿ60 (ವರ್ಷದ ಕೊನೆಗೆ ಕಂಪನಿ ಕೊಡುವ ಸಂಬಳ-ಟ್ಯಾಕ್ಸ್ ಪತ್ರ) ನೋಡಿ ಹೇಳಿ. ಆಫರ್ ಲೆಟರಿನ ಸಂಬಳ ಇಲ್ಲಿ ಲೆಕ್ಕಕ್ಕಿಲ್ಲ.

ರೆಡಿಂಗ್‌ವಾಸಿ:
ಪಿ60ಯಲ್ಲಿ 51,300 ಇದೆ. ಹೊಸ ಪೆನ್ಷನ್‌ನ 5% ಟ್ಯಾಕ್ಸ್‌ಗಿಂತ ಮುಂಚೆಯೇ ಕಟ್ ಆಗುತ್ತದಂತೆ. ಹಾಗಾದರೆ 1,030ಕ್ಕೆ 20%... ಬರೀ 206 ಪೌಂಡಾ?

ಲೆಕ್ಕದಮೇಷ್ಟ್ರು:
ಹೌದು, 206. ಬೇರೆ ಆದಾಯ ಇಲ್ಲದಿದ್ದರೆ. ಆ 5%ಕ್ಕೆ ಪೂರ್ತಿ ರಿಲೀಫ್ ಸಂಬಳದಲ್ಲೇ ಸಿಕ್ಕಾಗಿದೆ. ಅದನ್ನು ಮತ್ತೆ ಕ್ಲೇಮಿಗೆ ಸೇರಿಸಬೇಡಿ, ಜನ ಜಾಸ್ತಿ ಎಡವೋದು ಅಲ್ಲೇ.

ಇಷ್ಟಕ್ಕೆ ಸೆಲ್ಫ್ ಅಸೆಸ್‌ಮೆಂಟ್ ಬೇಡ. ಸರ್ಕಾರದ ವೆಬ್‌ಸೈಟಿನಲ್ಲಿ ಪೆನ್ಷನ್ ರಿಲೀಫ್ ಕೇಳೋಕೆ ಬೇರೆ ಆನ್‌ಲೈನ್ ಫಾರ್ಮ್ ಇದೆ. ವರ್ಷದ ಸ್ಟೇಟ್‌ಮೆಂಟ್ ಪಿಡಿಎಫ್ ಇಟ್ಟುಕೊಂಡು ಕೂರಿ. ನೀವು ಕಟ್ಟಿದ್ದು 4,800, ಟಾಪ್-ಅಪ್ ಸೇರಿ 6,000. ಫಾರ್ಮ್ ಯಾವುದನ್ನು ಕೇಳುತ್ತಿದೆ ಅಂತ ಸರಿಯಾಗಿ ಓದಿ ತುಂಬಿ. ಟ್ಯಾಕ್ಸ್ ವರ್ಷ ಮುಗಿದ ಮೇಲೆ 4 ವರ್ಷ ಟೈಮ್ ಇದೆ. 2024-25ಕ್ಕೆ 2029ರ ಏಪ್ರಿಲ್ 5 ಕೊನೆ.

ಎಡಿನ್‌ಬರೋಅಜ್ಜಿ:
ಸ್ಕಾಟ್ಲೆಂಡಿನಲ್ಲಿರುವವರು ಈ ಲೆಕ್ಕ ನೋಡಿ ಸುಮ್ನೆ ಕೂರಬೇಡಿ. ಇಲ್ಲಿ ಹೈಯರ್ ರೇಟ್ 42%, ಅದೂ 43,662 ದಾಟಿದ ಕೂಡಲೇ. ಪೆನ್ಷನ್ ಕಂಪನಿ ತರೋದು ಇಲ್ಲೂ 20% ಮಾತ್ರ. ಮೇಲಿನ 22% ಕೇಳಿಯೇ ತಗೋಬೇಕು. 21%ರ ಪಟ್ಟಿಯಲ್ಲಿದ್ದರೆ ಆ 1% ಕೂಡ ನಿಮ್ಮದೇ.

ಹಳೇಹುಲಿ:
ರೆಡಿಂಗ್‌ನವರೇ, 206 ಕ್ಲೇಮ್ ಮಾಡಿ, ಬಿಡಬೇಡಿ. ಆದರೆ ಮುಂದಿನ 400 ಹಳೆಯದಕ್ಕೇ ಯಾಕೆ? ಹೊಸ ಕಂಪನಿಯಲ್ಲಿ ಸ್ಯಾಲರಿ ಸ್ಯಾಕ್ರಿಫೈಸ್ (ನಾವು ಬಿಟ್ಟುಕೊಟ್ಟ ಸಂಬಳದ ಭಾಗವನ್ನು ಕಂಪನಿಯೇ ಪೆನ್ಷನ್‌ಗೆ ಕಟ್ಟೋದು) ಇದೆಯಾ, 5%ಗಿಂತ ಜಾಸ್ತಿ ಹಾಕಿದರೆ ಅವರೂ ಜಾಸ್ತಿ ಹಾಕುತ್ತಾರಾ ಕೇಳಿ. ಸ್ಯಾಕ್ರಿಫೈಸ್ ಆದರೆ ನ್ಯಾಷನಲ್ ಇನ್ಶೂರೆನ್ಸ್ (ಟ್ಯಾಕ್ಸ್ ಜೊತೆ ಸಂಬಳದಿಂದ ಕಟ್ ಆಗುವ ಸಾಮಾಜಿಕ ಭದ್ರತೆಯ ಕಂತು) ಕೂಡ ಉಳಿಯುತ್ತದೆ. 2024ರ ಏಪ್ರಿಲ್‌ನಿಂದ ಅದು 50,270ರವರೆಗೆ 8%, ಅದರ ಮೇಲೆ 2%. ಬ್ಯಾಂಕಿನಿಂದ ಕಟ್ಟಿದರೆ ಅದರಲ್ಲಿ ಒಂದು ಪೆನ್ನಿಯೂ ವಾಪಸ್ ಬರಲ್ಲ. ಹಳೆಯದರ ಚಾರ್ಜು ಕಡಿಮೆ ಇದ್ದರೂ ಈ ಉಳಿತಾಯವನ್ನೂ ಲೆಕ್ಕಕ್ಕೆ ತಗೊಳ್ಳಿ.

ರೆಡಿಂಗ್‌ವಾಸಿ:
ಸೋಮವಾರ ಎಚ್‌ಆರ್‌ನವರನ್ನು ಕೇಳ್ತೀನಿ. ಫಾರ್ಮ್ ಇವತ್ತೇ ತುಂಬುತ್ತೇನೆ.