ಸ್ಟಾರ್ ಸ್ಪ್ರಿಂಟರ್ ಬೇಕಾ, ಬೇಡ್ವಾ? ಕೋಚ್ ಸರ್‌ಗೆ ಪ್ರಶ್ನೆ

ಅಡ್ಮಿನ್: ಈ ವಾರದ ಪ್ರಶ್ನೋತ್ತರ ಶುರು ಮಾಡೋಣ. ಉತ್ತರ ಕೊಡುವವರು ಕಲಬುರಗಿಯಲ್ಲಿ ಜೂನಿಯರ್ ಹುಡುಗ ಹುಡುಗಿಯರಿಗೆ ರೋಡ್ ಸೈಕ್ಲಿಂಗ್ ಕಲಿಸುವ ನಮ್ಮ ಕೋಚ್ ಸರ್. ರಾಜ್ಯದ ಪರವಾಗಿ ರೇಸ್ ಹೊಡೆದವರು, ಪಟಿಯಾಲದಲ್ಲಿ ಕೋಚಿಂಗ್ ಕಲಿತವರು.

ಪ್ರಶ್ನೆ (ಕಲಬುರಗಿ):
ನಮಸ್ಕಾರ ಸರ್. ಭಾನುವಾರ ಜೇವರ್ಗಿ ರಸ್ತೆ ರೈಡ್ ಮುಗಿಸಿ ಸುಸಲಾ-ಮಿರ್ಚಿ ತಿನ್ನುವಾಗ ನಮ್ಮಲ್ಲಿ ಜೋರು ವಾದ ಆಯಿತು. ಮಧ್ಯಮ ಬಜೆಟ್‌ನ ಒಂದು ವರ್ಲ್ಡ್ ಟೂರ್ (ರೋಡ್ ಸೈಕ್ಲಿಂಗ್‌ನ ಅತಿ ಮೇಲಿನ ದರ್ಜೆ) ತಂಡ ಇದೆ ಅಂತ ಇಟ್ಟುಕೊಳ್ಳಿ. ಟೂರ್ ಡಿ ಫ್ರಾನ್ಸ್ ಗೆಲ್ಲುವಂಥ ಲೀಡರ್ ಅವರ ಹತ್ತಿರ ಇಲ್ಲ. ಕೈಯಲ್ಲಿ ಒಂದಿಷ್ಟು ದುಡ್ಡಿದೆ. ಆ ದುಡ್ಡಿಗೆ ದೊಡ್ಡ ಹೆಸರಿನ ಸ್ಪ್ರಿಂಟರ್ (ಕೊನೆಯ ಗೆರೆ ಹತ್ತಿರ ಜೋರಾಗಿ ಚಿಮ್ಮಿ ಗೆಲ್ಲುವವನು) ಒಬ್ಬನನ್ನು ತರಬೇಕಾ? ನಾನು ತರಬೇಕು ಅಂದೆ. ಐಪಿಎಲ್‌ನಲ್ಲಿ ಒಳ್ಳೆ ಫಿನಿಶರ್ ಬಂದರೆ ತಂಡದ ನಸೀಬೇ ಬದಲಾಗುತ್ತೆ, ಹಾಗೇ ಅಲ್ವಾ? ಉಳಿದವರೆಲ್ಲ ನಕ್ಕರು. ನೀವೇ ಹೇಳಿ.

ಕೋಚ್:
ಇದು ನಗುವಂಥ ಪ್ರಶ್ನೆ ಅಲ್ಲ. ಪ್ರತಿ ವರ್ಷ ಆಗಸ್ಟ್ ಬಂದರೆ, ಯಾರು ಯಾವ ತಂಡಕ್ಕೆ ಅಂತ ಘೋಷಿಸುವ ಹೊತ್ತಿಗೆ, ಯುರೋಪಿನ ಮ್ಯಾನೇಜರ್‌ಗಳು ಇದಕ್ಕೇ ತಲೆ ಕೆಡಿಸಿಕೊಳ್ಳುತ್ತಾರೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ತರಬಹುದು. ಆದರೆ ಅವನ ಮುಂದೆ ಸೈಕಲ್ ಹೊಡೆಯುವವರನ್ನು ಮೊದಲು ತಂದು, ಆಮೇಲೆ ಅವನನ್ನು ತರಬೇಕು. ಎರಡಕ್ಕೂ ದುಡ್ಡು ಸಾಲದಿದ್ದರೆ ಸ್ಟಾರ್ ಬೇಡ.

ಕ್ರಿಕೆಟ್ ಫಿನಿಶರ್ ತನ್ನ ಆಟವನ್ನು ತನ್ನ ಜೊತೆಗೇ ಹೊಸ ತಂಡಕ್ಕೆ ತರುತ್ತಾನೆ. ಬಾಲ್ ಬಂದಾಗ ಹೊಡೆಯುವುದು ಅವನೊಬ್ಬನೇ. ಸ್ಪ್ರಿಂಟರ್ ಹಾಗಲ್ಲ. ಕೊನೆಯ ಮೂರು ಕಿಲೋಮೀಟರ್ ಹತ್ತಿರದಿಂದ ನೋಡಿ. ಗುಂಪು ಗಂಟೆಗೆ 60 ಕಿ.ಮೀ. ದಾಟಿರುತ್ತದೆ. ಮುಂದಿರುವವನು ಗಾಳಿ ಸೀಳುತ್ತಾನೆ. ಅವನ ಚಕ್ರಕ್ಕೆ ಅಂಟಿಕೊಂಡವನಿಗೆ ಹೆಚ್ಚೂಕಡಿಮೆ ಮೂರರಲ್ಲಿ ಒಂದು ಪಾಲು ಶ್ರಮ ಉಳಿಯುತ್ತದೆ. ಮೊದಲನೆಯವನು ಕಾಲು ಸೋಲುವವರೆಗೆ ಎಳೆದು ಪಕ್ಕಕ್ಕೆ ಸರಿಯುತ್ತಾನೆ, ಎರಡನೆಯವನು ಹಿಡಿಯುತ್ತಾನೆ, ಆಮೇಲೆ ಮೂರನೆಯವನು. ಸ್ಪ್ರಿಂಟರ್‌ಗಾಗಿ ಹೀಗೆ ಮುಂದೆ ಎಳೆಯುವುದಕ್ಕೇ ಲೀಡ್‌ಔಟ್ ಅನ್ನುವುದು. ಕೊನೆಯ ಲೀಡ್‌ಔಟ್‌ನವನು ಸುಮಾರು 200 ಮೀಟರ್ ಉಳಿದಾಗ ದಾರಿ ಬಿಡುತ್ತಾನೆ. ಆಗ ನಮ್ಮ ಸ್ಟಾರ್ ಸೀಟಿನಿಂದ ಎದ್ದು, ಡ್ರಾಪ್ಸ್ (ಹ್ಯಾಂಡಲ್‌ನ ಕೆಳಗಿನ ಬಾಗು) ಹಿಡಿದು, ಸಾವಿರದೈನೂರು ವಾಟ್‌ನಷ್ಟು ಬಲ ಹಾಕುತ್ತಾನೆ. ಅವನು ಗಾಳಿಗೆ ಮುಖ ಕೊಡುವುದು ಹತ್ತು ಹನ್ನೆರಡು ಸೆಕೆಂಡ್ ಮಾತ್ರ. ಟಿವಿಯಲ್ಲಿ ನಮಗೆ ಕಾಣುವುದೂ ಆ ಸೆಕೆಂಡುಗಳೇ. ಬೆಳಿಗ್ಗೆಯಿಂದ 150 ಕಿ.ಮೀ. ಗುಂಪಿನ ಮುಂದೆ ನಿಂತು, ಬ್ರೇಕ್‌ಅವೇ (ಗುಂಪಿನಿಂದ ಮುಂದೆ ತಪ್ಪಿಸಿಕೊಂಡು ಹೋದವರು) ಕೈತಪ್ಪದ ಹಾಗೆ ಎಳೆದ ಇನ್ನಿಬ್ಬರನ್ನು ಯಾರೂ ನೋಡಿರುವುದಿಲ್ಲ.

ಕ್ವಿಕ್-ಸ್ಟೆಪ್ ತಂಡವನ್ನೇ ತಗೊಳ್ಳಿ. 2017ರ ಟೂರ್ ಡಿ ಫ್ರಾನ್ಸ್‌ನಲ್ಲಿ ಸ್ಪ್ರಿಂಟರ್ ಮಾರ್ಸೆಲ್ ಕಿಟೆಲ್ ಆ ಜೆರ್ಸಿಯಲ್ಲಿ ಐದು ಸ್ಟೇಜ್ (ಒಂದೊಂದು ದಿನದ ಓಟ) ಗೆದ್ದ. ಮರುವರ್ಷ ಕಾಟ್ಯೂಶಾಗೆ ಹೋದ. ಟೂರ್‌ನಲ್ಲಿ ಒಂದೂ ಗೆಲ್ಲಲಿಲ್ಲ, ಬೆಟ್ಟದ ಸ್ಟೇಜ್‌ನಲ್ಲಿ ಟೈಮ್ ಕಟ್ (ಮುಗಿಸಬೇಕಾದ ಸಮಯದ ಮಿತಿ) ತಪ್ಪಿ ಮನೆಗೆ ಹೋದ. 2019ರಲ್ಲಿ ನಿವೃತ್ತಿ. ಅವನು ಬಿಟ್ಟುಹೋದ ಕ್ವಿಕ್-ಸ್ಟೆಪ್ ಏನಾದರೂ ಸೊರಗಿತಾ? ಇಲ್ಲ. 2018ರಲ್ಲಿ ಗವೀರಿಯಾ ಗೆದ್ದ, ವಿವಿಯಾನಿ ಗೆದ್ದ. 2020ರಲ್ಲಿ ಸ್ಯಾಮ್ ಬೆನೆಟ್ ಟೂರ್‌ನ ಹಸಿರು ಜೆರ್ಸಿ (ಸ್ಪ್ರಿಂಟ್‌ಗಳಲ್ಲಿ ಹೆಚ್ಚು ಪಾಯಿಂಟ್ ಗಳಿಸಿದವನಿಗೆ ಸಿಗುವುದು) ತಂದ. 2021ರಲ್ಲಿ ಬೆನೆಟ್‌ಗೆ ಮೊಣಕಾಲು ನೋವು ಬಂತು. ಆಗ ಎಲ್ಲರೂ ಮುಗಿದುಹೋದ ಅಂದುಕೊಂಡಿದ್ದ, ಕಡಿಮೆ ಸಂಬಳಕ್ಕೆ ಬಂದಿದ್ದ ಮಾರ್ಕ್ ಕ್ಯಾವೆಂಡಿಶ್‌ನನ್ನು ಕಳಿಸಿದರು. ನಾಲ್ಕು ಸ್ಟೇಜ್, ಜೊತೆಗೆ ಹಸಿರು ಜೆರ್ಸಿ! ಸ್ಪ್ರಿಂಟರ್‌ಗಳು ಬರುತ್ತಿದ್ದರು, ಹೋಗುತ್ತಿದ್ದರು. ಅವರ ಮುಂದೆ ಎಳೆಯುವ ಮಿಶೆಲ್ ಮೊರ್ಕೊವ್‌ನಂಥವರನ್ನು ಮಾತ್ರ ತಂಡ ಬಿಟ್ಟುಕೊಡಲಿಲ್ಲ.

ಪ್ರಶ್ನೆ (ಬೀದರ್):
ಸರ್, ನಿಮ್ಮ ಮಾತಿಗೆ ಒಂದು ಅಡ್ಡ ಪ್ರಶ್ನೆ. ವಿವಿಯಾನಿ 2020ರಲ್ಲಿ ಕೊಫಿಡಿಸ್ ತಂಡ ಸೇರುವಾಗ ತನ್ನ ಲೀಡ್‌ಔಟ್ ಸಬಾಟಿನಿಯನ್ನೂ ಕರೆದುಕೊಂಡೇ ಹೋದ. ಆದರೂ ಆ ವರ್ಷ ಒಂದೂ ಗೆಲುವಿಲ್ಲ. ಎರಡು ವರ್ಷ ಹಿಂದೆ ಹದಿನೆಂಟು ಗೆದ್ದಿದ್ದವನು! ಲೀಡ್‌ಔಟ್ ತಂದರೂ ಕೆಲಸ ಆಗಲಿಲ್ಲವಲ್ಲ?

ಕೋಚ್:
ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಸಬಾಟಿನಿ ಬಂದರೆ ಕೊನೆಯ ಕೆಲವು ನೂರು ಮೀಟರ್ ಬಂತು, ಅಷ್ಟೇ. ಅದಕ್ಕೆ ಮುಂಚಿನ ಎರಡೂವರೆ ಕಿಲೋಮೀಟರ್ ಎಳೆಯುವವರು, ಇಡೀ ದಿನ ಗುಂಪನ್ನು ಹತೋಟಿಯಲ್ಲಿ ಇಡುವವರು ಹಳೆ ತಂಡದಲ್ಲೇ ಉಳಿದರು. ಅಂಥ ಹೊಂದಾಣಿಕೆ ಒಟ್ಟಿಗೆ ರೇಸ್ ಮಾಡಿ ಮಾಡಿ ಬರುವಂಥದ್ದು. ಆ ವರ್ಷ ಮಾರ್ಚ್‌ನಿಂದ ಜುಲೈ ಕೊನೆಯವರೆಗೆ ಕೋವಿಡ್‌ನಿಂದ ರೇಸ್‌ಗಳೇ ನಿಂತಿದ್ದವು. ಕಲಿಯುವುದಾದರೂ ಎಲ್ಲಿ? ಇನ್ನೊಂದು ಮಾತೂ ನಿಜ. ಕಾಲಿನಲ್ಲಿ ವೇಗ ಇಳಿದಿದ್ದರೆ ಯಾವ ಲೀಡ್‌ಔಟ್ ಕೂಡ ಕಾಪಾಡುವುದಿಲ್ಲ.

ನೀವು ಕೊಫಿಡಿಸ್ ಹೆಸರು ತೆಗೆದಿದ್ದು ಬಹಳ ಒಳ್ಳೆಯದಾಯಿತು. ಮೊದಲ ಪ್ರಶ್ನೆಯಲ್ಲಿ ಕೇಳಿದ ಮಧ್ಯಮ ಬಜೆಟ್ ತಂಡಕ್ಕೆ ಅದಕ್ಕಿಂತ ಸರಿಯಾದ ಉದಾಹರಣೆ ಇಲ್ಲ. 2008ರಲ್ಲಿ ಅವರು ಟೂರ್ ಸ್ಟೇಜ್ ಗೆದ್ದರು. ಆಮೇಲೆ ಹದಿನೈದು ವರ್ಷ ಬರಗಾಲ. ನಡುವೆ 2015ರಲ್ಲಿ ನಾಸೆರ್ ಬುಹಾನಿಯನ್ನು ತಂದರು, 2020ರಲ್ಲಿ ವಿವಿಯಾನಿಯನ್ನು ತಂದರು. ಇಬ್ಬರೂ ಹೆಸರಾಂತ ಸ್ಪ್ರಿಂಟರ್‌ಗಳು. ಇಬ್ಬರಿಂದಲೂ ಟೂರ್ ಸ್ಟೇಜ್ ಬರಲಿಲ್ಲ. ಕೊನೆಗೆ 2023ರಲ್ಲಿ ಸ್ಯಾನ್ ಸೆಬಾಸ್ಟಿಯನ್‌ನಲ್ಲಿ ಬರ ನೀಗಿಸಿದವನು ವಿಕ್ಟರ್ ಲಫಾಯ್. ಅವನು ಸ್ಪ್ರಿಂಟರ್ ಅಲ್ಲವೇ ಅಲ್ಲ. ಕೊನೆಯ ಕಿಲೋಮೀಟರ್‌ನಲ್ಲಿ ಒಬ್ಬನೇ ಚಿಮ್ಮಿಕೊಂಡು ಹೋಗಿ, ಬೆನ್ನಟ್ಟಿದ ಇಡೀ ಗುಂಪನ್ನು ತಡೆದು ಗೆದ್ದ. ಆ ರೇಸ್‌ನ ಕೊನೆಯ ಎರಡು ನಿಮಿಷ ಸಿಕ್ಕರೆ ನೋಡಿ. ನಮ್ಮ ಹುಡುಗರಿಗೆ ತೋರಿಸುವಾಗ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಪ್ರಶ್ನೆ (ಹುಮನಾಬಾದ್):
ನಾನು ವ್ಯಾಪಾರಸ್ಥ, ಲೆಕ್ಕದ ಮಾತು ಕೇಳ್ತೀನ್ರಿ ಸರ್. ಸ್ಪಾನ್ಸರ್ ದುಡ್ಡು ಹಾಕುತ್ತಾನೆ. ರಸ್ತೆ ಪಕ್ಕ ನಿಂತು ನೋಡುವವರಿಗೆ ಟಿಕೆಟ್ ಇಲ್ಲ. ಹಾಗಾದರೆ ಗೆದ್ದವನ ಎದೆ ಮೇಲೆ ತನ್ನ ಹೆಸರು ಕಾಣಲಿ ಅಂತಲೇ ಅಲ್ವಾ ಅವನು ಬರುವುದು? ಸ್ಪ್ರಿಂಟರ್ ಕೈ ಎತ್ತಿದ ಫೋಟೋ ಸಾಕಲ್ಲ?

ಕೋಚ್:
ಫೋಟೋದ ಬೆಲೆ ನಾನು ಕಡಿಮೆ ಮಾಡುವುದಿಲ್ಲ. ಟಿವಿ ಹಕ್ಕಿನ ದುಡ್ಡು ರೇಸ್ ನಡೆಸುವವರ ಜೇಬಿಗೆ ಹೋಗುತ್ತದೆ. ತಂಡ ಬದುಕುವುದು ಸ್ಪಾನ್ಸರ್‌ನಿಂದಲೇ. ಆದರೆ ಫೋಟೋ ಮಾತ್ರ ನಂಬಿದರೆ ಏನಾಗುತ್ತದೆ ಗೊತ್ತಾ? ಕ್ಯಾವೆಂಡಿಶ್ 2008ರಿಂದ 2011ರವರೆಗೆ ನಾಲ್ಕು ಟೂರ್‌ಗಳಲ್ಲಿ 20 ಸ್ಟೇಜ್ ಗೆದ್ದ. ಅವನ ಆಗಿನ ಹೈರೋಡ್ ತಂಡ ಹೊಸ ಸ್ಪಾನ್ಸರ್ ಸಿಗದೆ 2011ರ ಕೊನೆಗೆ ಬಾಗಿಲು ಹಾಕಿತು. ಅಷ್ಟು ಫೋಟೋ ಇದ್ದರೂ!

ಈಗ ಪಾಯಿಂಟ್ ಲೆಕ್ಕವೂ ಇದೆ. ಮೂರು ವರ್ಷದ ಪಾಯಿಂಟ್ ಕೂಡಿಸಿ ಮೊದಲ 18 ತಂಡಗಳಿಗೆ ವರ್ಲ್ಡ್ ಟೂರ್ ಜಾಗ. 2022ರ ಕೊನೆಗೆ ಲೊಟ್ಟೊ ಮತ್ತು ಇಸ್ರೇಲ್ ತಂಡಗಳು ಹೀಗೇ ಕೆಳಗಿಳಿದವು. ಲೊಟ್ಟೊದಲ್ಲಿ ಕೇಲೆಬ್ ಯುವನ್‌ನಂಥ ದೊಡ್ಡ ಸ್ಪ್ರಿಂಟರ್ ಇದ್ದ, ನೆನಪಿಡಿ. 2023ರಿಂದ ಟೂರ್ ಸ್ಟೇಜ್ ಗೆದ್ದರೆ 210 ಪಾಯಿಂಟ್. 1.1 ಅನ್ನುವ ಕೆಳಗಿನ ದರ್ಜೆಯ, ಹೆಸರೂ ಕೇಳಿರದ ಒಂದು ದಿನದ ರೇಸ್ ಗೆದ್ದರೆ 125. ಅದೇ ಮಟ್ಟದ, ಹಲವು ದಿನ ನಡೆಯುವ 2.1 ದರ್ಜೆಯ ಸ್ಟೇಜ್ ರೇಸ್‌ನಲ್ಲಿ ಒಂದು ಸ್ಟೇಜ್ ಗೆದ್ದರೆ ಬರೀ 14. ಸ್ಪ್ರಿಂಟರ್ ವರ್ಷವಿಡೀ ಸಣ್ಣ ಸ್ಟೇಜ್ ಗೆದ್ದು ಕೈ ಎತ್ತುತ್ತಿದ್ದರೂ ಖಾತೆ ತುಂಬುವುದಿಲ್ಲ.

ಅಸ್ತಾನಾ ತಂಡದ ಕಥೆ ಇದಕ್ಕೆ ಸಾಕ್ಷಿ. ಕ್ಯಾವೆಂಡಿಶ್‌ಗೆ 35ನೇ ಟೂರ್ ಸ್ಟೇಜ್ ಗೆಲ್ಲಿಸಬೇಕು ಅಂತ ಅವರು ಹಟ ತೊಟ್ಟರು. 2023ರಲ್ಲಿ ಅವನು ಬಿದ್ದು ಕಾಲರ್‌ಬೋನ್ ಮುರಿದುಕೊಂಡ. 2024ಕ್ಕೆ ಮೊರ್ಕೊವ್‌ನನ್ನೇ ಕರೆತಂದರು. ಆ ವರ್ಷದ ಮೊದಲ ಸ್ಟೇಜ್, ಫ್ಲಾರೆನ್ಸ್‌ನಿಂದ ರಿಮಿನಿ. ನಮ್ಮ ಏಪ್ರಿಲ್-ಮೇ ನೆನಪಾಗುವಂಥ ಧಗೆ, ಮೇಲೆ ಏರುದಾರಿ. ಕ್ಯಾವೆಂಡಿಶ್ ಸೈಕಲ್ ಮೇಲೇ ವಾಂತಿ ಮಾಡಿಕೊಳ್ಳುತ್ತಿದ್ದ. ಅವನ ಜೊತೆಗಾರರು ಅವನ ಸುತ್ತಲೇ ಉಳಿದರು. ಒಬ್ಬ ಮುಂದೆ ಗಾಳಿ ತಡೆದ, ಇನ್ನೊಬ್ಬ ನೀರು ಸುರಿದ. ಟೈಮ್ ಕಟ್ ಒಳಗೆ ಅವನನ್ನು ತಲುಪಿಸಿದರು. ಮುಂದೆ ಜುಲೈ 3ರಂದು ಐದನೇ ಸ್ಟೇಜ್‌ನಲ್ಲಿ ಅವನು ಎಡ್ಡಿ ಮರ್ಕ್ಸ್ ಅವರ 34ರ ದಾಖಲೆ ದಾಟಿದ. ಆ ಗೆಲುವು ರಿಮಿನಿಯಲ್ಲೇ ಅರ್ಧ ಗೆದ್ದಾಗಿತ್ತು ಅನ್ನುವುದು ನನ್ನ ಅನಿಸಿಕೆ.

ಆದರೆ ಅದೇ ಅಸ್ತಾನಾ 2025ಕ್ಕೆ ಕಾಲಿಟ್ಟಾಗ ಕೆಳಗಿಳಿಯುವ ಭಯದಲ್ಲಿತ್ತು. ಕ್ಯಾವೆಂಡಿಶ್ ನಿವೃತ್ತನಾಗಿದ್ದ. ಆಗ ಅವರು ಮಾಡಿದ್ದೇನು? ಸಣ್ಣ ಸಣ್ಣ ರೇಸ್‌ಗಳಿಗೆ ತಂಡ ಕಳಿಸಿ, ಒಬ್ಬನ ಬದಲು ಮೂರು ನಾಲ್ಕು ಜನರನ್ನು ಮೊದಲ ಹತ್ತರೊಳಗೆ ತಂದು, ಪಾಯಿಂಟ್ ಗುಡ್ಡೆ ಹಾಕಿ ಉಳಿದುಕೊಂಡರು. ಇತಿಹಾಸ ಸ್ಟಾರ್‌ನಿಂದ ಬಂತು. ವರ್ಲ್ಡ್ ಟೂರ್ ಜಾಗ ಉಳಿಸಿದ್ದು ಹೆಸರಿಲ್ಲದವರ ಕಾಲು.

ಪ್ರಶ್ನೆ (ಯಾದಗಿರಿ):
ಸರ್, ನಾನು ಪಿ.ಇ. ಟೀಚರ್. ನೀವು ಬರೀ ಗಂಡಸರ ತಂಡದ ಮಾತಾಡುತ್ತಿದ್ದೀರಿ. ಹೆಣ್ಣುಮಕ್ಕಳ ರೇಸ್‌ನಲ್ಲೂ ಇದೇ ಲೆಕ್ಕವಾ? ಒಂದೇ ತಂಡದಲ್ಲಿ ಎರಡು ಮೂರು ಸ್ಟಾರ್ ಇದ್ದರೆ ಜಗಳ ಆಗಲ್ವಾ?

ಕೋಚ್:
ಅಕ್ಕಾ, ನೀವು ಕೇಳಿದ್ದು ಒಳ್ಳೆಯದಾಯಿತು. ಸ್ಟಾರ್ ತಂದು ಗೆದ್ದ ತಂಡ ಬೇಕು ಅಂದರೆ ನಾನು ಎಸ್‌ಡಿ ವರ್ಕ್ಸ್ ಹೆಸರನ್ನೇ ಹೇಳುತ್ತೇನೆ. 2023ರಲ್ಲಿ ಲೊರೆನಾ ವೀಬಸ್ ಆ ತಂಡ ಸೇರಿದಳು. ಅಲ್ಲಿ ಆಗಲೇ ಡೆಮಿ ವೊಲೆರಿಂಗ್ ಇದ್ದಳು, ಲೊಟ್ಟೆ ಕೊಪೆಕಿ ಇದ್ದಳು. ಆ ವರ್ಷದ ಟೂರ್ ಡಿ ಫ್ರಾನ್ಸ್ ಫಾಮ್‌ನಲ್ಲಿ (ಹೆಣ್ಣುಮಕ್ಕಳ ಟೂರ್) ವೊಲೆರಿಂಗ್ ಮೊದಲ ಸ್ಥಾನ, ಕೊಪೆಕಿ ಎರಡನೇ ಸ್ಥಾನ ಮತ್ತು ಹಸಿರು ಜೆರ್ಸಿ, ವೀಬಸ್‌ಗೆ ಒಂದು ಸ್ಟೇಜ್.

ಜಗಳದ ಮಾತಿಗೆ 2025ರ ಮಿಲಾನ್-ಸ್ಯಾನ್‌ರೆಮೊ ರೇಸ್ ನೋಡಿ. ಕೊನೆಯಲ್ಲಿ ಬೇರೆ ತಂಡದ ಲಾಂಗೊ ಬೋರ್ಗಿನಿ ತಪ್ಪಿಸಿಕೊಂಡು ಹೊರಟಳು. ಅವಳನ್ನು ಬೆನ್ನಟ್ಟಿ ಹಿಡಿದವಳು ಕೊಪೆಕಿ, ಅಂದರೆ ಆಗ ಮೈಮೇಲೆ ವಿಶ್ವಚಾಂಪಿಯನ್ ಜೆರ್ಸಿ ಇದ್ದವಳು. ಗೆದ್ದವಳು ವೀಬಸ್. ಅಂಥ ಜೊತೆಗಾರ್ತಿ ಇದ್ದರೆ ಯಾವ ಸ್ಪ್ರಿಂಟರ್‌ನನ್ನಾದರೂ ಧೈರ್ಯವಾಗಿ ಕರೆತನ್ನಿ.

ಪ್ರಶ್ನೆ (ಬೀದರ್):
ಒಂದು ವೇಳೆ ಹಳದಿ ಜೆರ್ಸಿ, ಅಂದರೆ ಇಡೀ ಟೂರ್, ಗೆಲ್ಲುವ ಲೀಡರ್ ಇದ್ದರೆ?

ಕೋಚ್:
ಆಗ ಟೂರ್‌ಗೆ ಸ್ಪ್ರಿಂಟರ್ ಬೇಡ. ಈಗ ಒಂದು ತಂಡಕ್ಕೆ ಇರುವುದೇ ಎಂಟು ಜನ. 2012ರಲ್ಲಿ ಸ್ಕೈ ತಂಡದಲ್ಲಿ ವಿಗ್ಗಿನ್ಸ್ ಹಳದಿ ಗೆದ್ದ, ಅದೇ ತಂಡದ ಕ್ಯಾವೆಂಡಿಶ್ ಮೂರು ಸ್ಟೇಜ್ ಗೆದ್ದ. ಹೊರಗಿಂದ ಎಲ್ಲ ಚೆಂದ. ಆದರೂ ಅವನು ಆ ವರ್ಷವೇ ತಂಡ ಬಿಟ್ಟ. ವಿಶ್ವಚಾಂಪಿಯನ್ ಜೆರ್ಸಿ ಹಾಕಿಕೊಂಡು ಜೊತೆಗಾರರಿಗೆ ನೀರಿನ ಬಾಟಲಿ ಹೊತ್ತವನು ಅವನು.

ಪ್ರಶ್ನೆ (ಜೇವರ್ಗಿ):
ಸರ್, ನನಗೆ 17 ವರ್ಷ. ಪಿಯುಸಿ ಓದುತ್ತಿದ್ದೇನೆ. ನಮ್ಮ ಗುಂಪಿನಲ್ಲಿ ಕೊನೆಯ ಸ್ಪ್ರಿಂಟ್ ಯಾವಾಗಲೂ ನಾನೇ ಗೆಲ್ಲುತ್ತೇನೆ. ಆದರೆ ವಿಜಯಪುರ, ಬಾಗಲಕೋಟೆ ಹುಡುಗರ ಜೊತೆ ಓಡಿದರೆ ಕೊನೆಗೆ ನಾನು ಎಲ್ಲೋ ಹಿಂದೆ ಇರುತ್ತೇನೆ. ಸ್ಪ್ರಿಂಟ್ ಪ್ರಾಕ್ಟೀಸ್ ಇನ್ನೂ ಜಾಸ್ತಿ ಮಾಡಲಾ?

ಕೋಚ್:
ತಮ್ಮಾ, ನಿನಗೆ ವೇಗ ಸಾಕಷ್ಟಿದೆ. ಜಾಗ ಹಿಡಿಯುವುದು ಬರುತ್ತಿಲ್ಲ. ಅವರು ಹಾಸ್ಟೆಲ್‌ನಲ್ಲಿ ಇದ್ದು ದಿನಾ ದೊಡ್ಡ ಗುಂಪಿನಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಓಡಿಸುವವರು.

ಮುಂಗಾರಿನಲ್ಲಿ ನಿಮ್ಮ ಜೇವರ್ಗಿ ರಸ್ತೆಯಲ್ಲಿ ಪಡುವಣ ಗಾಳಿ ಪಕ್ಕದಿಂದ ಹೊಡೆಯುತ್ತದಲ್ಲ, ಅದೇ ನಿನ್ನ ಶಾಲೆ. ಗಾಳಿ ಬಲಗಡೆಯಿಂದ ಬಂದರೆ ಮುಂದಿನವನ ಎಡಕ್ಕೆ ಸ್ವಲ್ಪ ಓರೆಯಾಗಿ ಇರು. ನಿನ್ನ ಮುಂದಿನ ಚಕ್ರ ಅವನ ಹಿಂದಿನ ಚಕ್ರದ ಪಕ್ಕಕ್ಕೆ ಬರಲಿ. ತೀರ ಒಳಗೆ ತೂರಿಸಬೇಡ, ಅವನು ಸ್ವಲ್ಪ ಅಲುಗಿದರೂ ನೀನು ಬೀಳುತ್ತೀಯ. ಲಾರಿ ಓಡಾಡುವ ಹೊತ್ತಿನಲ್ಲಂತೂ ಇದನ್ನು ಮಾಡಲೇಬೇಡ. 2025ರ ಟೂರ್‌ನ ಮೊದಲ ದಿನ ಲೀಲ್‌ನಲ್ಲಿ ಇದೇ ಆಯಿತು. ಪಕ್ಕದ ಗಾಳಿಗೆ ಗುಂಪು ಒಡೆಯಿತು. ಎವೆನೆಪೂಲ್, ರೊಗ್ಲಿಚ್‌ನಂಥವರು 39 ಸೆಕೆಂಡ್ ಕಳೆದುಕೊಂಡರು. ಮುಂದಿದ್ದ ಯಾಸ್ಪರ್ ಫಿಲಿಪ್ಸನ್ ಗೆದ್ದ.

ಮುಂದಿನ ತಿಂಗಳು ಸ್ಪ್ರಿಂಟ್ ಬಿಟ್ಟು ಲೀಡ್‌ಔಟ್ ಮಾಡು. ನಿನ್ನ ಗೆಳೆಯನನ್ನು ಗೆಲ್ಲಿಸು. ಯಾವಾಗ ದಾರಿ ಬಿಡಬೇಕು ಅನ್ನುವುದು ಗೊತ್ತಾದರೆ, ಯಾವಾಗ ಏಳಬೇಕು ಅನ್ನುವುದೂ ಗೊತ್ತಾಗುತ್ತದೆ.

ಪ್ರಶ್ನೆ (ಕಲಬುರಗಿ, ಮೊದಲು ಕೇಳಿದವರು):
ಸರ್, ಒಪ್ಪಿದೆ. ಆದರೂ ಕೊನೆಯದಾಗಿ ಒಂದು. ನಿಮ್ಮ ಕೈಗೇ ಆ ದುಡ್ಡು ಕೊಟ್ಟರೆ ಹೇಗೆ ಖರ್ಚು ಮಾಡುತ್ತೀರಿ?

ಕೋಚ್:
ಮೊದಲು ಲೀಡ್‌ಔಟ್ ಮಾಡುವ ಇಬ್ಬರು ಅನುಭವಿಗಳಿಗೆ ಮೂರು ವರ್ಷದ ಕಾಂಟ್ರ್ಯಾಕ್ಟ್. ಗುಂಪು ಎಳೆಯುವ ಗಟ್ಟಿಗ ಒಬ್ಬ. ಆಮೇಲೆ ಸ್ಪ್ರಿಂಟರ್. ಮೂವತ್ತು ದಾಟಿದ, ಹೋದ ವರ್ಷ ಹದಿನೈದು ಗೆದ್ದವನು ಬೇಡ. ಅವನ ಬೆಲೆ ಏರಿರುತ್ತದೆ, ಕಾಲು ಇಳಿಯುವ ಹೊತ್ತಾಗಿರುತ್ತದೆ. ಇಪ್ಪತ್ತಮೂರು ಇಪ್ಪತ್ನಾಲ್ಕರ, ದೊಡ್ಡ ತಂಡದಲ್ಲಿ ಟೂರ್‌ಗೆ ಜಾಗ ಸಿಗದೆ ಕೂತಿರುವ ಹುಡುಗನನ್ನು ಹುಡುಕುತ್ತೇನೆ. ಓಲಾವ್ ಕೂಯ್ ಹಾಗೇ ಇದ್ದ. ಅವನ ವಿಸ್ಮಾ ತಂಡದಲ್ಲಿ ಹಳದಿ ಜೆರ್ಸಿಯ ಲೀಡರ್ ವಿಂಗೆಗೋರ್‌ಗಾಗಿ ತಂಡ ಕಟ್ಟುತ್ತಿದ್ದರು, ಅಲ್ಲಿದ್ದಷ್ಟು ದಿನ ಅವನಿಗೆ ಒಂದೂ ಟೂರ್ ಸಿಗಲಿಲ್ಲ.

ಒಂದಿಷ್ಟು ದುಡ್ಡು ಲಫಾಯ್ ತರಹದವನಿಗೂ ಎತ್ತಿಡುತ್ತೇನೆ. ಸ್ಪ್ರಿಂಟರ್ ಬಿದ್ದರೆ ಇಡೀ ತಂಡ ಕೈಕಟ್ಟಿ ಕೂರಬಾರದು. ಈಗಷ್ಟೇ ಹೇಳಿದ ಫಿಲಿಪ್ಸನ್, ಗೆದ್ದ ಎರಡು ದಿನಕ್ಕೇ ನಡುದಾರಿಯ ಸ್ಪ್ರಿಂಟ್‌ನಲ್ಲಿ ಬಿದ್ದು ಕಾಲರ್‌ಬೋನ್ ಮುರಿದುಕೊಂಡು ಮನೆಗೆ ಹೋದ. ಅವನ ಆಲ್ಪೆಸಿನ್ ತಂಡದಲ್ಲಿ ವಾನ್ ಡರ್ ಪೂಲ್ ಅಷ್ಟರಲ್ಲಿ ಎರಡನೇ ಸ್ಟೇಜ್ ಗೆದ್ದಿದ್ದ. ಕೊನೆಯ ವಾರ ಕೇಡನ್ ಗ್ರೋವ್ಸ್ 20ನೇ ಸ್ಟೇಜ್ ಗೆದ್ದ, ಅದೂ ಬ್ರೇಕ್‌ಅವೇಯಿಂದ ಒಬ್ಬನೇ ಬಂದು. ಗ್ರೋವ್ಸ್ ಸ್ಪ್ರಿಂಟರ್ ಅಂತಲೇ ಹೆಸರಾದವನು.