ತಮ್ಮ ಚಿಕಿತ್ಸೆಗೆ ಒಪ್ತಿಲ್ಲ, ಮನೆಯವರಷ್ಟೇ ಕೌನ್ಸೆಲಿಂಗ್‌ಗೆ ಹೋದರೆ ಉಪಯೋಗ ಇದೆಯಾ?

ದೊಡ್ಡಕ್ಕ:
ತಮ್ಮನ ಕುಡಿತ ವಿಪರೀತ ಆಗಿದೆ. ಈಗೀಗ ಬೆಳಿಗ್ಗೆ ಎದ್ದ ತಕ್ಷಣ ಬೇಕು, ಇಲ್ಲದಿದ್ರೆ ಕೈ ನಡುಗುತ್ತೆ. ಡಾಕ್ಟರ್ ಹತ್ರ ಹೋಗೋಣ ಅಂದ್ರೆ "ನನಗೇನಾಗಿದೆ ಧಾಡಿ?" ಅಂತ ರೇಗ್ತಾನೆ. ಅಪ್ಪ ಅವನ ಜೊತೆ ಮಾತು ಬಿಟ್ಟಿದ್ದಾರೆ. ಅಮ್ಮ ಬಾಟಲಿ ಲೇಬಲ್ ಮೇಲೆ ಪೆನ್ನಲ್ಲಿ ಗೆರೆ ಎಳೆದಿಡ್ತಾರೆ, ಎಷ್ಟು ಖಾಲಿಯಾಯ್ತು ಅಂತ ನೋಡೋಕೆ. ಅವನು ಕುಡಿದಷ್ಟೂ ನೀರು ಸುರಿದು ಗೆರೆಗೆ ಸರಿಯಾಗಿ ನಿಲ್ಲಿಸಿರ್ತಾನೆ! ಅವನು ಏಳದ ದಿನ ಆಫೀಸಿಗೆ ಫೋನ್ ಮಾಡಿ "ಜ್ವರ" ಅನ್ನೋದೂ ಇದೇ ಅಮ್ಮ.

ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಕೊಡೋ ಪುಡಿ ಇದೆ ಅಂತ ಒಬ್ಬರು ಹೇಳಿದ್ರು. ಇನ್ನೊಬ್ಬರು, ಮೊದಲು ನೀವು ಕೌನ್ಸೆಲಿಂಗ್‌ಗೆ ಹೋಗಿ ಅಂತಾರೆ. ಕುಡಿಯೋನು ಅವನು, ನಾವು ಹೋಗಿ ಏನು ಮಾಡೋದು?

ಖಡಕ್_ಮಾತು:
ಸಲುಗೆ ಜಾಸ್ತಿ ಆಗಿದೆ ಅಷ್ಟೇ. ನಾಲ್ಕು ದಿನ ರೂಮಲ್ಲಿ ಕೂಡಿಹಾಕಿ, ತಾನಾಗಿ ದಾರಿಗೆ ಬರ್ತಾನೆ.

ಕೇಳುಗ:
ಅಕ್ಕಾ, ಮೇಲಿನ ಸಲಹೆ ಖಂಡಿತ ಬೇಡ. ವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ರೋಗಿಗಳ ಮನೆಯವರ ಜೊತೆ ಮಾತಾಡೋದೇ ನನ್ನ ಕೆಲಸ, ಹಾಗಾಗಿ ಹೇಳ್ತಿದ್ದೇನೆ. ಬೆಳಿಗ್ಗೆ ಕೈ ನಡುಗುತ್ತೆ ಅಂದ್ರೆ ಮೈ ಕುಡಿತಕ್ಕೆ ಒಗ್ಗಿಹೋಗಿದೆ. ಇಂಥವರು ದಿಢೀರನೆ ನಿಲ್ಲಿಸಿದ್ರೆ ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಆಮೇಲಿನ ಒಂದೆರಡು ದಿನಗಳಲ್ಲಿ ಕೆಲವರಿಗೆ ಇಲ್ಲದ್ದು ಕಾಣುತ್ತೆ, ಬಡಬಡಿಸ್ತಾರೆ, ಮೈಯೆಲ್ಲ ಬೆವರು. ಡೆಲಿರಿಯಂ ಟ್ರೆಮೆನ್ಸ್ ಅಂತಾರೆ, ಪ್ರಾಣಕ್ಕೇ ಅಪಾಯ. ನಿಲ್ಲಿಸೋದೇನಿದ್ರೂ ಡಾಕ್ಟರ ನಿಗಾದಲ್ಲೇ ಆಗಬೇಕು.

ಪುಡಿಯೂ ಬೇಡ. ಅದರಲ್ಲಿ ಏನಿದೆಯೋ ಯಾರಿಗೆ ಗೊತ್ತು? ಕುಡಿತ ಬಿಡಿಸೋಕೆ ಡೈಸಲ್ಫಿರಾಮ್ ಅನ್ನೋ ಮಾತ್ರೆ ಇದೆ ನಿಜ, ಆದರೆ ಅದು ರೋಗಿಗೆ ತಿಳಿಸಿ, ಒಪ್ಪಿಸಿ ಕೊಡೋ ಔಷಧಿ. ಅದು ಹೊಟ್ಟೆಯಲ್ಲಿರೋದು ಗೊತ್ತಿಲ್ಲದೆ ಕುಡಿದ್ರೆ ಮುಖ ಕೆಂಪೇರಿ, ಎದೆ ಡವಡವ ಹೊಡ್ಕೊಂಡು, ವಾಂತಿಯಾಗಿ, ಬಿಪಿ ಕುಸಿಯಬಹುದು. ಕದ್ದು ಬೆರೆಸಿದ್ದು ಗೊತ್ತಾದ ದಿನ ಅಮ್ಮ ಬಡಿಸಿದ್ದನ್ನೂ ಅವನು ಮುಟ್ಟಲ್ಲ.

ಈಗ ನಿಮ್ಮ ಪ್ರಶ್ನೆ. ಹೋಗಿ, ಉಪಯೋಗ ಇದೆ. ಅಮೆರಿಕದಲ್ಲಿ ಮಿಲ್ಲರ್, ಮೇಯರ್ಸ್ ಮತ್ತು ಟೋನಿಗನ್ 1999ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥ ಮನೆಗಳದ್ದೇ: ಕುಡಿಯುವವರು ಚಿಕಿತ್ಸೆ ಬೇಡ ಅಂತಿದ್ರು, ಬಂದವರು ಮನೆಯವರು ಮಾತ್ರ. ಕುಡಿಯುವವರ ಜೊತೆ ಹೇಗೆ ನಡ್ಕೋಬೇಕು ಅಂತ ಮನೆಯವರಿಗೆ ಕಲಿಸೋ ಕ್ರಾಫ್ಟ್ (CRAFT) ಅನ್ನೋ ವಿಧಾನ ಇದೆ. ಅದನ್ನ ಕಲಿತವರ ಮನೆಗಳಲ್ಲಿ 64% ಜನ ಚಿಕಿತ್ಸೆಗೆ ಬಂದ್ರು. ಎಲ್ಲರೂ ಸೇರಿ ಎದುರು ಕೂರಿಸಿ ಬುದ್ಧಿ ಹೇಳೋ ವಿಧಾನದಲ್ಲಿ 30%.

ಮೊದಲ ದಿನ ನಾನು ಕೇಳೋದು ಒಂದೇ ಒಂದು ಸಂಜೆಯ ಕಥೆ. ಹತ್ತು ವರ್ಷದ ಪುರಾಣ ಹೊತ್ತು ಬರ್ತಾರೆ ಪಾಪ, ನನಗೆ ಮೊನ್ನೆಯ ಸಂಜೆ ಸಾಕು. ಎಷ್ಟು ಗಂಟೆಗೆ ಬಂದ, ಬಾಗಿಲು ಯಾರು ತೆಗೆದ್ರು, ಮೊದಲ ಮಾತು ಯಾರದು, ಅವನು ಗ್ಲಾಸ್ ಹಿಡಿಯೋ ಮುಂಚೆ ಏನಾಯ್ತು? ಎರಡು ಮೂರು ಸಂಜೆ ಹೀಗೆ ಬಿಡಿಸಿ ಹೇಳಿದ್ರೆ ಎಲ್ಲಿ ಕೈ ಹಾಕಬೇಕು ಅಂತ ಮನೆಯವರಿಗೇ ಹೊಳೆಯುತ್ತೆ.

ನಿಮ್ಮ ಮನೆಯದ್ದೇ ತಗೊಳ್ಳಿ. ಬಾಟಲಿ ಗೆರೆಯದು ಕಳ್ಳ-ಪೊಲೀಸ್ ಆಟ, ಅದರಲ್ಲಿ ಅಮ್ಮನ ನಿದ್ದೆ ಹೋಗ್ತಿದೆಯೇ ಹೊರತು ಕುಡಿತ ಕಮ್ಮಿಯಾಗಿಲ್ಲ. ಬಿಟ್ಟುಬಿಡಲಿ. ಆಫೀಸಿಗೆ ಅವನೇ ಫೋನ್ ಮಾಡಲಿ. ಆದರೆ ಇದನ್ನ ಜಗಳದ ಮಧ್ಯೆ ಘೋಷಿಸಬೇಡಿ, ಅವನು ನೆಟ್ಟಗಿರೋ ಹೊತ್ತಲ್ಲಿ "ಇನ್ಮೇಲೆ ನಾನು ಮಾಡಲ್ಲಪ್ಪ" ಅಂತ ಅಮ್ಮ ಮೊದಲೇ ಹೇಳಿಟ್ಟಿರಬೇಕು. ಕುಡಿಯದ ಹೊತ್ತಲ್ಲಿ ಪಕ್ಕ ಕೂತು ಬೇರೆ ವಿಷಯ ಮಾತಾಡಿ. ಕುಡಿದಾಗ ವಾದಕ್ಕೆ ನಿಲ್ಲದೆ ಎದ್ದುಹೋಗಿ. ಚಿಕಿತ್ಸೆಯ ಮಾತು ಎತ್ತೋದು ಅವನೇ "ಛೆ, ಹೀಗಾಯ್ತಲ್ಲ" ಅಂತ ಬೇಜಾರಲ್ಲಿರೋ ಬೆಳಿಗ್ಗೆ. ಅವತ್ತೇ ನೋಡೋ ಡಾಕ್ಟರ್ ಯಾರು ಅಂತ ಮೊದಲೇ ವಿಚಾರಿಸಿಟ್ಟಿರಿ, ಸಂಜೆ ಹೊತ್ತಿಗೆ ಮನಸ್ಸು ಬದಲಾಗಿರುತ್ತೆ.

ಕೈ ಮಾಡೋ ಅಭ್ಯಾಸ ಇದ್ರೆ ಇದ್ಯಾವುದನ್ನೂ ಮನೆಯಲ್ಲಿ ಪ್ರಯೋಗ ಮಾಡೋಕೆ ಹೋಗಬೇಡಿ. ಮೊದಲು ಅಮ್ಮನ ಸುರಕ್ಷತೆ ಬಗ್ಗೆ ಕೌನ್ಸೆಲರ್ ಹತ್ರ ಮಾತಾಡಿ.

ಹಿಂದಿನ_ಬೆಂಚು:
ನಮ್ಮ ಯಜಮಾನ್ರು ಇವತ್ತಿಗೂ ಬಿಟ್ಟಿಲ್ಲ. ನಾನು ಅಲ್-ಅನಾನ್‌ಗೆ ಹೋಗ್ತೀನಿ. ಕುಡಿಯುವವರ ಮನೆಯವರಿಗೇ ಅಂತ 1951ರಲ್ಲಿ ಶುರುವಾದ ಗುಂಪು. ಅವರ ಕುಡಿತಕ್ಕೆ ನಾನು ಕಾರಣ ಅಲ್ಲ ಅಂತ ಬಾಯಿಬಿಟ್ಟು ಹೇಳೋಕೆ ನನಗೆ ತುಂಬಾ ದಿನ ಹಿಡೀತು.

ಕೇಳುಗ:
ಅದೇ ಅಧ್ಯಯನದಲ್ಲಿ ಅಲ್-ಅನಾನ್ ದಾರಿ ತೋರಿಸಿದ ಮನೆಗಳಲ್ಲಿ ಚಿಕಿತ್ಸೆಗೆ ಬಂದವರು 13%. ಆದರೆ ಅವನನ್ನ ಕರೆತರೋದು ಅದರ ಉದ್ದೇಶವೇ ಅಲ್ಲ, ನೀವು ನೆಮ್ಮದಿಯಾಗಿರಲಿ ಅಂತ ಇರೋದು. ಎರಡೂ ಮಾಡಬಹುದು.

ದೊಡ್ಡಕ್ಕ:
ಅಪ್ಪ ಅಂತೂ ಬರಲ್ಲ. ನಾವಿಬ್ಬರೇ ಹೋದ್ರೆ ಸಾಕಾ? ತಮ್ಮನಿಗೆ ಏನಂತ ಹೇಳೋದು?

ಕೇಳುಗ:
ಧಾರಾಳವಾಗಿ ಸಾಕು. ಅಪ್ಪನನ್ನ ಒತ್ತಾಯ ಮಾಡಬೇಡಿ. ತಮ್ಮನಿಗೆ ಮದುವೆಮನೆ, ಆಸ್ಪತ್ರೆ ಅಂತ ಸುಳ್ಳು ಬೇಡ, "ನಮಗೆ ತಡೆಯೋಕೆ ಆಗ್ತಿಲ್ಲ, ನಮಗೋಸ್ಕರ ಹೋಗ್ತಿದ್ದೀವಿ" ಅಂದ್ರಾಯ್ತು. ಬೆಳಗಿನ ನಡುಕದ ವಿಷಯ ಮಾತ್ರ ಅಲ್ಲಿ ಮೊದಲೇ ಹೇಳಿ.