ಷಟರ್ ಸವೆದ ಕ್ಯಾಮೆರಾ: ರಿಪೇರಿ ಮಾಡಿಸಲಾ, ಹೊಸದು ತಗೊಳ್ಳಲಾ?

ಮಂಡ್ಯದ ಓದುಗರೊಬ್ಬರು ಹೀಗೆ ಕೇಳಿದ್ದರು: "ಮದುವೆ, ನಾಮಕರಣ, ಬೀಗರೂಟದ ಫೋಟೋ ತೆಗೆಯುವುದೇ ನನ್ನ ಕಸುಬು. 2016ರಲ್ಲಿ ಕೊಂಡ ನಿಕಾನ್ ಡಿ7200 ಇದೆ, ಎರಡು ಲಕ್ಷ ಕ್ಲಿಕ್ ದಾಟಿದೆ. ಈಚೆಗೆ ನಡುನಡುವೆ ಎರರ್ ತೋರಿಸಿ ನಿಂತುಬಿಡುತ್ತದೆ. ಕೆಲವು ಫೋಟೋಗಳ ಒಂದು ಪಕ್ಕ ಕಪ್ಪಾಗಿರುತ್ತದೆ. ಹಿಡಿಯ ರಬ್ಬರ್ ಎದ್ದಿದೆ. ಇರುವ ಲೆನ್ಸು ಮೂರು: 18-140, 50 ಎಂಎಂ 1.8 ಡಿ, ಕೆಲಸ ಕಲಿಸಿದ ಗುರುಗಳಿಂದ ಕೊಂಡ ಹಳೆಯ 80-200 2.8 ಡಿ. ಕೈಯಲ್ಲಿ 60 ಸಾವಿರ ಇದೆ. ಷಟರ್ (ಬೆಳಕನ್ನು ಒಳಗೆ ಬಿಟ್ಟು ಮುಚ್ಚುವ ಪರದೆ) ಬದಲಾಯಿಸಲಾ? ಇಲ್ಲ ಅಂಗಡಿಯವರು ಹೇಳಿದಂತೆ ನಿಕಾನಿನದೇ, ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಝಡ್ 50 ತಗೊಳ್ಳಲಾ?" ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಅಣ್ಣಾ, ಬಾಡಿ (ಲೆನ್ಸು ಬಿಟ್ಟು ಉಳಿದ ಕ್ಯಾಮೆರಾ) ವಿಷಯ ಆಮೇಲೆ. ಮೊದಲು ನಿಮ್ಮ ಬ್ಯಾಗಿನಲ್ಲಿರುವ ಲೆನ್ಸು ನೋಡಿ. 50 ಮತ್ತು 80-200 ಎರಡೂ ಹಳೆಯ ಡಿ ಲೆನ್ಸು, ಅವುಗಳ ಒಳಗೆ ಫೋಕಸ್ ಮೋಟರ್ ಇಲ್ಲ. ನಿಮ್ಮ ಡಿ7200 ಬಾಡಿಯಲ್ಲಿರುವ ಮೋಟರ್, ಲೆನ್ಸು ಕೂರುವ ಮೌಂಟಿನ ಅಂಚಿನಲ್ಲಿ ಕಾಣುವ ಆ ಪುಟ್ಟ ಸ್ಕ್ರೂ ತಿರುಗಿಸಿ ಅವುಗಳಿಗೆ ಫೋಕಸ್ ಮಾಡಿಸುತ್ತದೆ. ಝಡ್ ಸರಣಿಯ ಯಾವ ಬಾಡಿಯಲ್ಲೂ ಆ ಮೋಟರ್ ಇಲ್ಲ. ಹಳೆಯ ಲೆನ್ಸು ಕೂರಿಸಲು ಬರುವ ನಿಕಾನಿನ ಎಫ್‌ಟಿಝಡ್ ಅಡಾಪ್ಟರ್ ಹಾಕಿದರೂ ಇಲ್ಲ. ಫೋಟೋ ಬರುತ್ತದೆ, ಬೆಳಕಿನ ಅಳತೆಯೂ ಸರಿ ಇರುತ್ತದೆ, ಆದರೆ ಫೋಕಸ್ ಮಾತ್ರ ನೀವೇ ಕೈಯಲ್ಲಿ ತಿರುಗಿಸಬೇಕು. ಗಟ್ಟಿಮೇಳ ಶುರುವಾಗಿ ಎಲ್ಲರೂ ಎದ್ದು ನಿಂತು ಅಕ್ಷತೆ ಎಸೆಯುತ್ತಿರುವಾಗ 80-200 ಅನ್ನು 2.8ರಲ್ಲಿಟ್ಟುಕೊಂಡು ಕೈಯಲ್ಲಿ ಫೋಕಸ್ ಹಿಡಿಯುವುದು ಆಗುವ ಮಾತಾ? ಅಂಗಡಿಯವರು ನಿಮ್ಮ ಹತ್ತಿರ ಯಾವ ಲೆನ್ಸು ಇದೆ ಅಂತ ಕೇಳಿದರಾ ಅನ್ನುವುದೇ ನನ್ನ ಅನುಮಾನ.

ಝಡ್ 50 ಕೆಟ್ಟ ಕ್ಯಾಮೆರಾ ಅಲ್ಲ. ಮದುವೆ ಕೆಲಸಕ್ಕೆ ಮಾತ್ರ ಅದು ನಿಮಗೆ ಹಿಂದಿನ ಹೆಜ್ಜೆ. ನಿಮ್ಮದರಲ್ಲಿ ಎರಡು ಕಾರ್ಡಿಗೆ ಜಾಗ ಇದೆ, ಅದರಲ್ಲಿ ಒಂದೇ. ಬ್ಯಾಟರಿಯೂ ಬೇರೆ, ಅಂದರೆ ಈಗಿರುವ ಬ್ಯಾಟರಿ, ಚಾರ್ಜರ್ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಬಾಡಿಯ ಬೆಲೆಗೆ ಅಡಾಪ್ಟರ್, ಬ್ಯಾಟರಿ, ಒಂದಾದರೂ ಹೊಸ ಲೆನ್ಸು ಸೇರಿಸಿ ಕೂಡಿ ನೋಡಿ. 60 ಸಾವಿರ ಎಲ್ಲಿಗೂ ಸಾಲುವುದಿಲ್ಲ.

ನನ್ನನ್ನು ಕೇಳಿದರೆ ಸೆಕೆಂಡ್ ಹ್ಯಾಂಡ್ ಡಿ750 ಹುಡುಕಿ. 2014ರ ಮಾಡೆಲ್, ಫುಲ್ ಫ್ರೇಮ್ (ಬೆಳಕು ಹಿಡಿಯುವ ಸಂವೇದಕ ನಿಮ್ಮದಕ್ಕಿಂತ ದೊಡ್ಡದು), ಎರಡು ಎಸ್‌ಡಿ ಕಾರ್ಡ್, ನಿಮ್ಮದೇ ಬ್ಯಾಟರಿ, ಬಾಡಿಯಲ್ಲಿ ಮೋಟರ್ ಇದೆ. ನಿಮ್ಮ 50 ಮತ್ತು 80-200 ಎರಡೂ ಅದರಲ್ಲಿ ತಮ್ಮ ನಿಜವಾದ ಅಗಲ ತೋರಿಸುತ್ತವೆ. ಛತ್ರದ ಕಡಿಮೆ ಬೆಳಕಿನಲ್ಲಿ ಐಎಸ್‌ಒ (ಬೆಳಕು ಹಿಡಿಯುವ ಸೂಕ್ಷ್ಮತೆ) ಏರಿಸಿದಾಗ ವ್ಯತ್ಯಾಸ ಗೊತ್ತಾಗುತ್ತದೆ. 18-140 ಚಿಕ್ಕ ಸಂವೇದಕಕ್ಕೆ ಮಾಡಿದ ಲೆನ್ಸು, ಅದು ಮಾತ್ರ ಇದಕ್ಕೆ ಹೊಂದುವುದಿಲ್ಲ, ಹಾಕಿದರೆ 24 ಮೆಗಾಪಿಕ್ಸೆಲ್ ಇರುವುದು ಸುಮಾರು 10ಕ್ಕೆ ಇಳಿಯುತ್ತದೆ. ಕೊಳ್ಳುವಾಗ ಸೀರಿಯಲ್ ನಂಬರ್ ನೋಡಿಕೊಳ್ಳಿ. ಆ ಮಾಡೆಲಿನ ಕೆಲವು ಬಾಡಿಗಳ ಷಟರ್ ಬಗ್ಗೆ ಕಂಪನಿಯೇ ಸರ್ವೀಸ್ ಪ್ರಕಟಣೆ ಕೊಟ್ಟಿತ್ತು, ಅದು ಆಗಿದೆಯಾ ಅಂತ ಕೇಳಿ. ಅಲ್ಲೇ ನಿಂತು ಒಂದು ಫೋಟೋ ತೆಗೆದು ಫೋನಿಗೆ ಹಾಕಿಕೊಂಡು ಷಟರ್ ಕೌಂಟ್ (ಎಷ್ಟು ಕ್ಲಿಕ್ ಆಗಿದೆ ಅಂತ) ನೋಡಿ, ನಿಕಾನ್ ಫೈಲಿನ ಒಳಗೇ ಆ ಸಂಖ್ಯೆ ಬರೆದಿರುತ್ತದೆ. ಮಾರುವವರು ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ.

– ಮದುವೆ ಫೋಟೋಗ್ರಾಫರ್, ಸರಸ್ವತಿಪುರಂ, ಮೈಸೂರು

ನಾನು ಮೈಸೂರಿನಲ್ಲಿ ಬಹಳ ವರ್ಷ ಕ್ಯಾಮೆರಾ ರಿಪೇರಿ ಮಾಡಿದವನು, ರೀಲಿನ ಕಾಲದಿಂದ. ಕೊಳ್ಳುವುದು ಬಿಡುವುದು ನಿಮ್ಮಿಷ್ಟ, ಆದರೆ ಕಾಯಿಲೆ ಏನು ಅಂತ ತಿಳಿಯದೆ ಮದ್ದು ಕೇಳುತ್ತಿದ್ದೀರಿ. ಎರಡು ಲಕ್ಷ ಅಂದ ಕೂಡಲೇ ಷಟರ್ ಹೋಯಿತು ಅಂತ ತೀರ್ಮಾನ ಮಾಡಬೇಡಿ. ಆ ಮಾಡೆಲಿನ ಷಟರನ್ನು 1,50,000 ಸಲ ಓಡಿಸಿ ಪರೀಕ್ಷೆ ಮಾಡಿರುತ್ತಾರೆ, ಅಷ್ಟೇ. ಅದು ಹಾಲಿನ ಪ್ಯಾಕೆಟ್ ಮೇಲಿನ ತಾರೀಖಿನ ಹಾಗಲ್ಲ. ಅದಕ್ಕಿಂತ ಮೊದಲೇ ಕೈಕೊಟ್ಟಿದ್ದನ್ನೂ, ಅದರ ಎರಡರಷ್ಟು ಓಡಿದ್ದನ್ನೂ ನೋಡಿದ್ದೇನೆ.

ಮೊದಲನೆಯದು ಆ ಕಪ್ಪು ಪಟ್ಟಿ. ಅದು ಬಂದ ಫೋಟೋಗಳನ್ನೆಲ್ಲ ಒಂದು ಕಡೆ ಹಾಕಿ ಷಟರ್ ವೇಗ ನೋಡಿ. ಫ್ಲಾಶ್ ಹಾಕಿ ತೆಗೆದದ್ದಾ? ನಿಮ್ಮ ಕ್ಯಾಮೆರಾದ ಫ್ಲಾಶ್ ಸಿಂಕ್ ವೇಗ 1/250. ಅದಕ್ಕಿಂತ ಜಾಸ್ತಿ ವೇಗದಲ್ಲಿ ಷಟರ್ ಯಾವ ಕ್ಷಣದಲ್ಲೂ ಪೂರ್ತಿ ತೆರೆದಿರುವುದಿಲ್ಲ. ಮೊದಲ ಪರದೆ ಸರಿಯುತ್ತಿರುವಾಗಲೇ ಎರಡನೆಯದು ಹಿಂದೆ ಹೊರಟಿರುತ್ತದೆ, ನಡುವಿನ ಸಂದಿಯಲ್ಲಿ ಮಾತ್ರ ಬೆಳಕು ಒಳಗೆ ಹೋಗುತ್ತದೆ. ಅಷ್ಟರಲ್ಲಿ ಫ್ಲಾಶ್ ಹೊಡೆದು ಮುಗಿದಿರುತ್ತದೆ, ಮುಚ್ಚಿದ ಭಾಗ ಕಪ್ಪಾಗಿ ಬರುತ್ತದೆ. ಕಂಪನಿ ಫ್ಲಾಶ್ ಆದರೆ ಕ್ಯಾಮೆರಾ ತಡೆಯುತ್ತದೆ. ಫ್ಲಾಶ್ ಹೊಡೆಸುವ ಕಡಿಮೆ ಬೆಲೆಯ ಸಾದಾ ಟ್ರಿಗರ್ ಹಾಕಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಈ ಒಂದೇ ಕಾರಣಕ್ಕೆ ಷಟರ್ ಬದಲಾಯಿಸಿ ಅಂತ ನನ್ನ ಬಳಿ ಬಂದವರಿದ್ದಾರೆ, ಏನೂ ರಿಪೇರಿ ಇಲ್ಲದೆ ವಾಪಸ್ ಕಳಿಸಿದ್ದೇನೆ.

ಫ್ಲಾಶ್ ಇಲ್ಲದೆಯೂ ಬರುತ್ತದೆ ಅನ್ನುವುದಾದರೆ ಹೀಗೆ ನೋಡಿ. ಹಗಲು ಹೊತ್ತು ಬಿಳಿ ಗೋಡೆಗೆ ಇಲ್ಲ ಬಯಲು ಆಕಾಶಕ್ಕೆ ಹಿಡಿದು 1/250, 1/1000, 1/4000, 1/8000 ಹೀಗೆ ಏರಿಸುತ್ತಾ ಒಂದೊಂದರಲ್ಲೂ ಹಲವು ಫೋಟೋ ತೆಗೆಯಿರಿ. ವೇಗ ಏರಿದಂತೆ ಒಂದು ಅಂಚು ಮಸುಕಾಗುತ್ತಾ ಬಂದರೆ ಪರದೆ ಎಳೆಯುತ್ತಿದೆ, ಷಟರ್ ಯೂನಿಟ್ ಬದಲಾಯಿಸುವ ಕಾಲ ಬಂದಿದೆ ಅಂತಲೇ ಅರ್ಥ. ಎಲ್ಲವೂ ಒಂದೇ ಸಮ ಬಂದರೆ ತೊಂದರೆ ಬೇರೆ ಕಡೆ ಇದೆ.

ಎರರ್ ಯಾವ ಲೆನ್ಸಿನಲ್ಲಿ ಬರುತ್ತದೆ ಅಂತ ಗಮನಿಸಿದ್ದೀರಾ? ಒಂದೇ ಲೆನ್ಸಿನಲ್ಲಿ ಬಂದರೆ ಬಾಡಿಯನ್ನು ಬೈಯಬೇಡಿ. ಹಿಂಭಾಗದ ಚಿನ್ನದ ಬಣ್ಣದ ಕಾಂಟ್ಯಾಕ್ಟುಗಳನ್ನು ಒಣ ಮೆತ್ತನೆ ಬಟ್ಟೆಯಿಂದ ಒರೆಸಿ ನೋಡಿ, ಬೆವರು ಧೂಳು ಕೂತು ಕಪ್ಪಾಗಿರುತ್ತವೆ. ನಿಮ್ಮ ಮೂರೂ ಲೆನ್ಸುಗಳ ಅಪರ್ಚರ್ (ಬೆಳಕಿನ ಕಿಂಡಿ ಹಿಗ್ಗಿಸಿ ಕುಗ್ಗಿಸುವ ಬ್ಲೇಡುಗಳು) ಅನ್ನು ಬಾಡಿಯೊಳಗಿನ ಒಂದು ಸಣ್ಣ ಲಿವರ್ ತಳ್ಳುತ್ತದೆ. 80-200 ಅಷ್ಟು ಹಳೆಯದಾದ್ದರಿಂದ ಬ್ಲೇಡಿಗೆ ಎಣ್ಣೆ ಇಳಿದಿರಬಹುದು, ಆಗ ಬ್ಲೇಡು ನಿಧಾನ ಮುಚ್ಚಿ ಫೋಟೋ ಬೆಳ್ಳಗಾಗುತ್ತದೆ. ಆಮೇಲೆ ಬ್ಯಾಟರಿ. ಸೆಟಪ್ ಮೆನುವಿನಲ್ಲಿ ಬ್ಯಾಟರಿ ಮಾಹಿತಿ ತೆರೆದರೆ ವಯಸ್ಸು 0ಯಿಂದ 4ರವರೆಗೆ ತೋರಿಸುತ್ತದೆ. 4 ಇದ್ದರೆ ಅದನ್ನು ಬಿಸಾಕಿ. ಸೊರಗಿದ ಬ್ಯಾಟರಿಗೆ ಮಿರರ್ ಎತ್ತುವ ಶಕ್ತಿ ಇರುವುದಿಲ್ಲ, ಡೂಪ್ಲಿಕೇಟ್ ಬ್ಯಾಟರಿ ಆದರೆ ಕೇಳುವುದೇ ಬೇಡ.

ಇಷ್ಟೆಲ್ಲ ನೋಡಿಯೂ ಷಟರ್ರೇ ಅಂತಾದರೆ ಕೊಡುವಾಗ ಕೆಲವು ಮಾತು ಕೇಳಿ. ಹಾಕುವ ಯೂನಿಟ್ ಹೊಸದಾ, ಬೇರೆ ಹಳೆ ಬಾಡಿಯಿಂದ ಬಿಚ್ಚಿದ್ದಾ? ಎಷ್ಟು ತಿಂಗಳು ವಾರಂಟಿ? ಬಿಚ್ಚಿದ ಭಾಗ ವಾಪಸ್ ಕೊಡುತ್ತಾರಾ? ಎಲ್ಲವನ್ನೂ ರಸೀದಿ ಮೇಲೆ ಬರೆಸಿ. ಕಾರ್ಡ್, ಬ್ಯಾಟರಿ, ಕೊರಳ ಪಟ್ಟಿ ತೆಗೆದಿಟ್ಟುಕೊಂಡು ಸೀರಿಯಲ್ ನಂಬರ್ ಬರೆದುಕೊಂಡು ಕೊಡಿ. ಆ ಮಾಡೆಲ್ ತಯಾರಿಕೆ ನಿಂತಿದೆ, ಬಿಡಿಭಾಗ ದಿನ ಹೋದಂತೆ ಸಿಗುವುದು ಕಷ್ಟ, ಮಾಡಿಸುವುದಿದ್ದರೆ ಈಗಲೇ ಮಾಡಿಸಿ. ರಬ್ಬರಿಗೆ ಚಿಂತೆ ಮಾಡಬೇಡಿ, ಅದು ಸಣ್ಣ ಕೆಲಸ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ವಿಡಿಯೋ ನೋಡಿಕೊಂಡು ಮನೆಯಲ್ಲಿ ಬಾಡಿ ಬಿಚ್ಚಲು ಹೋಗಬೇಡಿ. ಮೇಲೆ ಏಳುವ ಫ್ಲಾಶಿಗೆ ಒಳಗೊಂದು ಕೆಪಾಸಿಟರ್ ಇದೆ, ಅದರಲ್ಲಿ ಸುಮಾರು 300 ವೋಲ್ಟ್ ನಿಂತಿರುತ್ತದೆ. ಬ್ಯಾಟರಿ ತೆಗೆದ ಮೇಲೂ ಇರುತ್ತದೆ. ಅದರ ಹೊಡೆತ ತಿಂದವರಿಗೇ ಗೊತ್ತು.

– ಹಳೆಯ ಕ್ಯಾಮೆರಾ ಮೆಕ್ಯಾನಿಕ್, ಅಶೋಕ ರಸ್ತೆ ಹತ್ತಿರ, ಮೈಸೂರು

ತಮ್ಮಾ, ನಾವು ಗಂಡ ಹೆಂಡತಿ ಮಂಡ್ಯದಲ್ಲೇ ಸ್ಟುಡಿಯೋ ನಡೆಸುತ್ತೇವೆ. ಲೆಕ್ಕ ಬರೆಯುವವಳು ನಾನು, ಅದಕ್ಕೇ ದುಡ್ಡಿನ ಮಾತು ಹೇಳುತ್ತೇನೆ. ಇರುವ 60 ಸಾವಿರವನ್ನೂ ಒಂದೇ ಕ್ಯಾಮೆರಾಗೆ ಸುರಿಯಬೇಡ. ಆಲ್ಬಂ ಪ್ರಿಂಟಿಗೆ ಮುಂಗಡ ಕೊಡಬೇಕು, ಹುಡುಗರಿಗೆ ದಿನಗೂಲಿ ಕೊಡಬೇಕು, ಮದುವೆಯವರು ಬಾಕಿ ಕೊಡುವುದು ಯಾವಾಗಲೋ. ಕೈ ಖಾಲಿ ಮಾಡಿಕೊಂಡರೆ ಕ್ಯಾಮೆರಾ ಹೊಸದಿದ್ದೂ ಕೆಲಸ ಒಪ್ಪಿಕೊಳ್ಳಲು ಆಗುವುದಿಲ್ಲ.

ಆಷಾಢದಲ್ಲಿ ಮದುವೆ ಇಲ್ಲ ಅಲ್ವಾ, ರಿಪೇರಿಗೆ ಅದಕ್ಕಿಂತ ಒಳ್ಳೆಯ ತಿಂಗಳು ಬೇರೆ ಇಲ್ಲ. ಭಾಗ ಬೆಂಗಳೂರಿನಿಂದ ಬರಬೇಕು, ಇವತ್ತು ನಾಳೆ ಅನ್ನುತ್ತಾರೆ, ಸೀಸನ್ ನಡುವೆ ಕೊಟ್ಟರೆ ಜೀವ ಬಾಯಿಗೆ ಬರುತ್ತದೆ. ಅಲ್ಲಿಯವರೆಗೆ ಒಪ್ಪಿಕೊಂಡ ಕೆಲಸಕ್ಕೆ ಬಾಡಿಗೆ ಕ್ಯಾಮೆರಾ ತಂದುಕೋ, ಮೈಸೂರಿನಲ್ಲಿ ದಿನದ ಲೆಕ್ಕಕ್ಕೆ ಸಿಗುತ್ತದೆ. ಅದರಲ್ಲೂ ಒಂದು ಲಾಭ ಇದೆ: ಕೊಳ್ಳಬೇಕು ಅಂದುಕೊಂಡ ಮಾಡೆಲನ್ನೇ ಬಾಡಿಗೆಗೆ ತಂದು ಒಂದು ಪೂರ್ತಿ ಮದುವೆ ತೆಗೆದು ನೋಡು. ಹಿಂದಿನ ಸಂಜೆಯ ಆರತಕ್ಷತೆಯಿಂದ ಮಾರನೆ ದಿನದ ಧಾರೆಯವರೆಗೆ ಕೈಯಲ್ಲಿ ಹಿಡಿದರೆ ಅಂಗಡಿಯಲ್ಲಿ ಗೊತ್ತಾಗದ್ದೆಲ್ಲ ಗೊತ್ತಾಗುತ್ತದೆ.

ನಮ್ಮ ಮನೆಯ ಲೆಕ್ಕ ಇಷ್ಟು. ರಿಪೇರಿ ಖರ್ಚು ಒಂದು ಮದುವೆಯಲ್ಲಿ ಉಳಿಯುವ ದುಡ್ಡಿನೊಳಗೆ ಇದ್ದರೆ ಮಾಡಿಸುತ್ತೇವೆ, ಮೀರಿದರೆ ಮಾಡಿಸುವುದಿಲ್ಲ. ಮಾಡಿಸಿದ ಹಳೆ ಬಾಡಿ ಮಾರಿದರೆ ಬರುವುದು ಪುಡಿಗಾಸು, ಅದಕ್ಕಿಂತ ಬ್ಯಾಗಿನಲ್ಲಿ ಎರಡನೆಯದಾಗಿ ಇದ್ದರೆ ಬೆಲೆ ಜಾಸ್ತಿ. ಮತ್ತೆ ಏನೇ ಕೊಂಡರೂ ಬಿಲ್ ತಗೋ. ಬಿಲ್ಲಿಲ್ಲದೆ ಹೊರದೇಶದಿಂದ ತಂದದ್ದು ಕಡಿಮೆಗೆ ಕೊಡುತ್ತೇವೆ ಅನ್ನುವವರು ಸಿಗುತ್ತಾರೆ, ಅದಕ್ಕೆ ಇಲ್ಲಿ ವಾರಂಟಿ ಸಿಗುವುದಿಲ್ಲ.

– ಸ್ಟುಡಿಯೋ ನಡೆಸುವವರು, ಮಂಡ್ಯ

ಎಲ್ಲರೂ ಹಳೆಯದನ್ನೇ ಹಿಡಿದುಕೊಳ್ಳಿ ಅನ್ನುತ್ತಾರೆ, ನಾನು ಒಪ್ಪುವುದಿಲ್ಲ ಬ್ರದರ್. 2020ರ ನಂತರ ನಿಕಾನ್ ಕನ್ನಡಿ ಇರುವ ಒಂದೂ ಹೊಸ ಡಿಎಸ್‌ಎಲ್‌ಆರ್ ಬಿಟ್ಟಿಲ್ಲ. ನಿಮ್ಮ ಲೆನ್ಸುಗಳು ಕೂರುವ ಎಫ್ ಮೌಂಟ್ 1959ರದು, ಒಳ್ಳೆಯ ಬಾಳು ಬಾಳಿತು, ಮುಂದಿನದೆಲ್ಲ ಝಡ್ ಮೌಂಟಿನಲ್ಲೇ. ನೀವು ಇನ್ನೂ ಹತ್ತು ಹದಿನೈದು ವರ್ಷ ಈ ಕಸುಬು ಮಾಡುವವರಾದರೆ ಎಂದಾದರೂ ದಾಟಲೇಬೇಕು. ಗುರುಗಳ ಲೆನ್ಸಿನ ಮೇಲೆ ಪ್ರೀತಿ ಇರುವುದು ಸರಿ, ಆದರೆ ಅದಕ್ಕಾಗಿ ಎಲ್ಲ ತೀರ್ಮಾನವನ್ನೂ ಕಟ್ಟಿಹಾಕಿಕೊಳ್ಳಬೇಡಿ.

ಮಿರರ್‌ಲೆಸ್‌ನಲ್ಲಿ ಕಣ್ಣಿಗೇ ಫೋಕಸ್ ಕೂರುತ್ತದೆ. ಮದುಮಗಳು ತಲೆ ತಗ್ಗಿಸಿ ಎತ್ತಿದರೂ ಬಿಡುವುದಿಲ್ಲ. ಫೋಟೋ ಬೆಳಕು ಹೇಗೆ ಬರುತ್ತದೆ ಅಂತ ಕ್ಲಿಕ್ ಮಾಡುವ ಮೊದಲೇ ಕಾಣುತ್ತದೆ. ಆದರೆ ಝಡ್ 50 ಬೇಡ, ಅದರಲ್ಲಿ ಮೊದಲಿನವರ ಮಾತು ಸರಿ. ಸ್ವಲ್ಪ ಕಾದು ಝಡ್ 5 ಸೆಕೆಂಡ್ ಹ್ಯಾಂಡ್ ನೋಡಿ. ಫುಲ್ ಫ್ರೇಮ್, ಎರಡು ಎಸ್‌ಡಿ ಕಾರ್ಡ್, ಬಾಡಿಯಲ್ಲೇ ಕೈನಡುಕ ತಡೆಯುವ ವ್ಯವಸ್ಥೆ, ನಿಮ್ಮ ಈಗಿನ ಬ್ಯಾಟರಿಯೂ ಅದರಲ್ಲಿ ಕೂರುತ್ತದೆ. ಬ್ಯಾಟರಿ ಮಾತ್ರ ಬೇಗ ಮುಗಿಯುತ್ತದೆ. ಡಿ7200ರಲ್ಲಿ ಒಂದು ಬ್ಯಾಟರಿಗೆ ಸುಮಾರು 1100 ಫೋಟೋ ಅಂತ ಕಂಪನಿಯ ಲೆಕ್ಕ, ಇದರಲ್ಲಿ ಅದರ ಅರ್ಧಕ್ಕೂ ಕಡಿಮೆ, ಆದ್ದರಿಂದ ಜೇಬಿನಲ್ಲಿ ಎರಡು ಮೂರು ಇರಲೇಬೇಕು.

ಇನ್ನೊಂದು ವಿಷಯ ಹೇಳದಿದ್ದರೆ ನೀವು ಮೊದಲ ಮದುವೆಯಲ್ಲೇ ಗಾಬರಿಯಾಗುತ್ತೀರಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಇದೆ ಅಂತ ಮಂಟಪದ ಎಲ್‌ಇಡಿ ಕೆಳಗೆ ಹಾಕಬೇಡಿ, ಫೋಟೋ ತುಂಬಾ ಪಟ್ಟಿ ಪಟ್ಟಿ ಬರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಎಷ್ಟೋ ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಸಂವೇದಕ ಸಾಲು ಸಾಲಾಗಿ ಓದುವಾಗ ಆ ಮಿನುಗು ಹಾಗೇ ಸಿಕ್ಕಿಬೀಳುತ್ತದೆ. ಮೆಕ್ಯಾನಿಕಲ್ ಷಟರ್ ಇಟ್ಟು 1/100ರಲ್ಲಿ ತೆಗೆದರೆ ಬಹುಪಾಲು ಸರಿಹೋಗುತ್ತದೆ.

– ಕ್ಯಾಂಡಿಡ್ ಫೋಟೋಗ್ರಾಫರ್, ಮದ್ದೂರು

ನಾನು ಫೋಟೋಗ್ರಾಫರ್ ಅಲ್ಲ, ಮಗಳ ಮದುವೆ ಮಾಡಿದವನು. ನಿಮ್ಮ ಪ್ರಶ್ನೆ ಓದಿ ಎದೆ ಝಲ್ ಅಂದಿತು. ನಡುನಡುವೆ ನಿಂತುಹೋಗುವ ಒಂದೇ ಕ್ಯಾಮೆರಾ ಇಟ್ಟುಕೊಂಡು ದಯವಿಟ್ಟು ಯಾರ ಮದುವೆಯನ್ನೂ ಒಪ್ಪಿಕೊಳ್ಳಬೇಡಿ ಸಾರ್. ತಾಳಿ ಕಟ್ಟುವ ಗಳಿಗೆ ನಿಮಗೆ ಎರರ್ ಬಂದರೆ ಇನ್ನೊಮ್ಮೆ ಕಟ್ಟಿ ಅನ್ನಲು ಆಗುವುದಿಲ್ಲ. ರಿಪೇರಿಯೋ ಹೊಸದೋ ನನಗೆ ತಿಳಿಯದು. ಕೊರಳಲ್ಲಿ ಇನ್ನೊಂದು ಕ್ಯಾಮೆರಾ ಇರಲಿ, ಬಾಡಿಗೆಯದಾದರೂ ಸರಿ. ಎರಡು ಕಾರ್ಡಿನಲ್ಲೂ ಫೋಟೋ ಬೀಳುವ ಹಾಗೆ ಮಾಡಿಕೊಳ್ಳಿ. ಅದಕ್ಕೆ ಸ್ವಲ್ಪ ಜಾಸ್ತಿ ಕೇಳಿದರೂ ಕೊಡುವ ತಂದೆ ತಾಯಂದಿರಿದ್ದಾರೆ.

– ನಿವೃತ್ತ ಶಿಕ್ಷಕ, ಪಾಂಡವಪುರ

ಡಿ7200 ಬಿಡಬೇಡಿ ಅನ್ನುವವರಲ್ಲಿ ನಾನೂ ಒಬ್ಬ, ಕಾರಣ ಬೇರೆ. ನಾನು ರಂಗನತಿಟ್ಟು, ಕೊಕ್ಕರೆ ಬೆಳ್ಳೂರು ಕಡೆ ಹಕ್ಕಿ ತೆಗೆಯುವವನು. ಆ ಬಾಡಿಯ ಸಂವೇದಕ ಚಿಕ್ಕದಾದ್ದರಿಂದ 200 ಎಂಎಂ ಲೆನ್ಸು 300ರಷ್ಟು ಹತ್ತಿರ ತೋರಿಸುತ್ತದೆ. ನಿಮ್ಮ 80-200 ಅದರಲ್ಲಿ ಇದ್ದರೆ ಛತ್ರದ ಕೊನೆಯ ಸಾಲಿನಿಂದಲೂ ಮಂಟಪ ಸಿಗುತ್ತದೆ. ಡಿ750 ಕೊಂಡು ಅದಕ್ಕೆ 50 ಹಾಕಿ, ಹಳೆಯದಕ್ಕೆ 80-200 ಹಾಕಿ, ಎರಡನ್ನೂ ಎರಡು ಭುಜಕ್ಕೆ ಹಾಕಿಕೊಳ್ಳಿ, ನಡುವೆ ಲೆನ್ಸು ಬದಲಾಯಿಸುವ ಕೆಲಸವೇ ಇರುವುದಿಲ್ಲ, ಧೂಳೂ ಒಳಗೆ ಹೋಗುವುದಿಲ್ಲ.

ಮಳೆಗಾಲ ಬಂತು, ರಿಪೇರಿಗೆ ಕೊಡುವ ಮೊದಲು 80-200 ಅನ್ನು ಟಾರ್ಚ್ ಬೆಳಕಿಗೆ ಹಿಡಿದು ಒಳಗೆ ಜೇಡರ ಬಲೆಯಂಥ ಫಂಗಸ್ ಇದೆಯಾ ನೋಡಿ. ಇದ್ದರೆ ಬಾಡಿಯ ಜೊತೆಗೇ ಅದನ್ನೂ ಕೊಡಿ. ಚರ್ಮದ ಬ್ಯಾಗಿನಲ್ಲಿ ಮುಚ್ಚಿಡಬೇಡಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗೆ ಸಿಲಿಕಾ ಜೆಲ್ ಹಾಕಿ ಇಡಿ. ಮೆಕ್ಯಾನಿಕ್ ಸಾರ್ ಹೇಳಿದ ಗೋಡೆಯ ಪರೀಕ್ಷೆ ಮಾಡಿ, ಪಟ್ಟಿ ಯಾವ ವೇಗದಲ್ಲಿ ಶುರುವಾಗುತ್ತದೆ ಅಂತ ಇಲ್ಲೇ ಬರೆಯಿರಿ, ಅದನ್ನು ನೋಡಿ ಅವರೇ ಮುಂದಿನದು ಹೇಳಲಿ.

– ಹವ್ಯಾಸಿ, ಶ್ರೀರಂಗಪಟ್ಟಣ